ಬೋರ್ ಲಾರಿಯ ಹತ್ತರಷ್ಟು ಒತ್ತಡ, ಅಂಗೈಯಗಲದ ಗೇಜು

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಗೇಜು ಹೊಸದಲ್ಲ. ಬೋರು ಕೊರೆಸುವಾಗ ಲಾರಿಯ ಪಕ್ಕ ನಿಂತವರೆಲ್ಲ ಕಂಪ್ರೆಸರಿನ ಮೇಲೆ ನಡುಗುವ ಆ ಮುಳ್ಳನ್ನು ಕಂಡವರೇ. ಸಾವಿರ ಅಡಿ ಆಳದಿಂದ ಕಲ್ಲುಪುಡಿಯನ್ನು ಮೇಲಕ್ಕೆ ಊದಿ ತೆಗೆಯುವ ಗಾಳಿಯ ಒತ್ತಡ 300 ಪಿಎಸ್‌ಐ ಆಸುಪಾಸು, ಅಂದರೆ ಸುಮಾರು 20 ಬಾರ್. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಬಳಿ ಕಡಲಿಗಿಳಿಯುವ ಸ್ಕೂಬಾದವರ ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು 200 ಬಾರ್. ಬೋರ್ ಲಾರಿಯ ಹತ್ತರಷ್ಟು!

ಒಂದು ಚದರ ಸೆಂಟಿಮೀಟರ್ ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗ. ಅಷ್ಟರ ಮೇಲೆ ಎರಡು ಕ್ವಿಂಟಲ್ ಭಾರ ಹೇರಿದರೆ 200 ಬಾರ್. ನೀರಿನ ಲೆಕ್ಕದಲ್ಲಿ ಹತ್ತು ಮೀಟರಿಗೆ ಒಂದು ಬಾರ್. ಹಾಗಾಗಿ ಇಷ್ಟು ಒತ್ತಡ ಬರಬೇಕಾದರೆ ಎರಡು ಸಾವಿರ ಮೀಟರ್ ಎತ್ತರದ ನೀರಿನ ಕಂಬವೇ ಬೇಕು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್.

12 ಲೀಟರ್ ಸಿಲಿಂಡರಿಗೆ ಹೀಗೆ ತುಂಬಿದ ಗಾಳಿ 2,400 ಲೀಟರ್. ತೂಗಿದರೆ ಮೂರು ಕಿಲೋಗೆ ಸ್ವಲ್ಪ ಕಡಿಮೆ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವನಿಗೆ ಅದು ಎರಡು ಗಂಟೆ ಬಂದೀತು. ನೀರಿನಡಿ ಈ ಲೆಕ್ಕ ನಡೆಯುವುದಿಲ್ಲ. ಆಳದ ಅಂದಾಜಿಗೆ ವೇದಾವತಿಗೆ ಕಟ್ಟಿದ ಮಾರಿಕಣಿವೆಯನ್ನೇ ನೋಡಿ. 1933ರಲ್ಲಿ ತುಂಬಿ, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿದ ಆ ಜಲಾಶಯದ ಪೂರ್ಣಮಟ್ಟ 130 ಅಡಿ. ಹವ್ಯಾಸಕ್ಕೆ ಮುಳುಗುವವರು ದಾಟಬಾರದೆಂದು ಹಾಕಿರುವ ಗೆರೆಯೂ 130 ಅಡಿಯೇ, ಅಂದರೆ 40 ಮೀಟರ್. ಅಷ್ಟು ಆಳದಲ್ಲಿ ಸುತ್ತಲಿನ ಒತ್ತಡ ಐದು ಪಟ್ಟಾಗುತ್ತದೆ, ಒಂದೊಂದು ಉಸಿರಿಗೂ ಐದು ಪಟ್ಟು ಗಾಳಿ ಖರ್ಚು. 2,400 ಲೀಟರ್ 24 ನಿಮಿಷಕ್ಕೆ ಖಾಲಿ. ಮೇಲೆ ಬರುವಾಗ ಉಳಿದಿರಲೇಬೇಕಾದ 50 ಬಾರ್ ಕಳೆದರೆ ಕೈಗೆ ಸಿಗುವುದು 18 ನಿಮಿಷ.

ಆ ಹದಿನೆಂಟು ನಿಮಿಷದ ಲೆಕ್ಕ ಹೇಳಲು ಇರುವುದು ಹೋಸಿನ ತುದಿಯ ಅಂಗೈಯಗಲದ ಗೇಜು, ಅದರಲ್ಲೊಂದು ಮುಳ್ಳು. ಗೇಜಿನ ಒಳಗಿರುವುದು ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ: ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆ. ಒತ್ತಡ ಏರಿದಷ್ಟೂ ಅದು ನೆಟ್ಟಗಾಗಲು ಹವಣಿಸುತ್ತದೆ, ತುದಿ ಚೂರೇಚೂರು ಸರಿಯುತ್ತದೆ, ಹಲ್ಲುಚಕ್ರಗಳು ಆ ಚೂರನ್ನು ಹಿಗ್ಗಿಸಿ ಮುಳ್ಳು ತಿರುಗಿಸುತ್ತವೆ. ಬೋರ್ ಲಾರಿಯ ಗೇಜಿನೊಳಗೂ ಇದೇ ಜಾತಿಯ ಕೊಳವೆ. ಸ್ಕೂಬಾದವರ ಗೇಜು ಉಪ್ಪುನೀರಿಗಿಳಿಯುತ್ತದೆ, ಅಷ್ಟೇ ವ್ಯತ್ಯಾಸ.

ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಗೇಜು ಹೋಸಿಗೆ ಸೇರುವ ಜಾಗ. ಅಲ್ಲಿ 200 ಬಾರನ್ನು ತಡೆದು ನಿಲ್ಲಿಸುವುದು ಎರಡು ರಬ್ಬರ್ ಓ-ರಿಂಗ್. ನಡುವಿನ ಗಾಳಿಯ ತೂತು ಬಲು ಕಿರಿದು. ಗುಳ್ಳೆ ಬರತೊಡಗಿದರೆ ಮೊದಲು ಅವನ್ನೇ ನೋಡಬೇಕು. ಇನ್ನು ಒಳಗಿನ ಕೊಳವೆಯೇ ಸೀಳಿ ಗಾಳಿ ಗೇಜಿನ ಡಬ್ಬಿಗೆ ನುಗ್ಗಿತೆನ್ನಿ. ಐದು ಸೆಂಟಿಮೀಟರ್ ಅಗಲದ ಗಾಜಿನ ಮೇಲೆ 200 ಬಾರ್ ಪೂರ್ತಿ ಬಿದ್ದರೆ ನಾಲ್ಕು ಟನ್! ಅಷ್ಟಾಗುವ ಎಷ್ಟೋ ಮೊದಲೇ ಹಾರಿಹೋಗಲೆಂದು ಡಬ್ಬಿಯಲ್ಲೊಂದು ಬಿರಡೆ ಇಟ್ಟಿರುತ್ತಾರೆ. ಆದರೂ ಸಿಲಿಂಡರಿನ ವಾಲ್ವು ತೆರೆಯುವಾಗ ಗೇಜಿನ ಮುಖ ಯಾರ ಮುಖದ ಕಡೆಗೂ ಇರಕೂಡದು, ತಿರುಪುವುದೂ ನಿಧಾನವಾಗಿರಬೇಕು.

ಕೊಳ್ಳುವುದಾದರೆ ಹಿತ್ತಾಳೆ ಮೈಯದೇ ಮೇಲು. ಅಳತೆ ಎಷ್ಟರವರೆಗೆ ಅಂತಲೂ ನೋಡಿ: 400 ಬಾರ್ ಗೇಜು ಪೂರ್ಣ ಅಳತೆಯ ಶೇ 2ರಷ್ಟು ತಪ್ಪಿದರೂ ಅದು 8 ಬಾರ್, 50 ಎಂದು ತೋರಿಸುವಾಗ ನಿಜಕ್ಕೂ ಇರುವುದು 42 ಆಗಿರಬಹುದು. ಮಬ್ಬು ನೀರಿನಲ್ಲೂ ಅಂಕಿ ಕಾಣಬೇಕು. ಕಂಪನಿ ಹೆಸರಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಕೊಂಡ ಮೇಲೆ ಅದರ ಮೇಲೆ ಸಿಲಿಂಡರ್ ಮಲಗಿಸಬೇಡಿ, ಬಂಡೆಗೆ ಉಜ್ಜುವಂತೆ ಜೋತಾಡಲು ಬಿಡಬೇಡಿ, ಕಡಲಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಗಾಳಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಗೇಜು ನೀರಿಗಿಳಿಯುವ ಹಾಗಿಲ್ಲ.

ನೇತ್ರಾಣಿಗೆ ಹೋದಾಗ ಗೇಜು ಬಾಡಿಗೆಯದ್ದೇ ಇರಲಿ, ನೀರಿಗೆ ಹಾರುವ ಮುಂಚೆ ಮುಳ್ಳಿನ ಮೇಲೆ ಕಣ್ಣಿಟ್ಟು ಸಿಲಿಂಡರಿನಿಂದ ನಾಲ್ಕು ಸಲ ಉಸಿರೆಳೆಯಿರಿ. ಎಳೆದಾಗೆಲ್ಲ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವು ಪೂರ್ತಿ ತೆರೆದಿಲ್ಲ. ತೆರೆಸಿಕೊಂಡೇ ಇಳಿಯಿರಿ.