ಅಭಯವೂ ದಾನವೇ
ಶ್ರಾವಕರಿಗೆ ವಿಹಿತವಾದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಹಸಿದವರಿಗೆ ಅನ್ನ, ರೋಗಿಗೆ ಮದ್ದು, ಬಡ ಮಕ್ಕಳಿಗೆ ವಿದ್ಯೆ ಸಲ್ಲಬೇಕು. ವನ್ಯಜೀವಿಗೆ ಸಲ್ಲಬೇಕಾದುದು ಮುಖ್ಯವಾಗಿ ಅಭಯ. ಘಟ್ಟದ ರಸ್ತೆಯಲ್ಲಿ ಕೋತಿಗಳಿಗೆ ಹಣ್ಣು ಎಸೆದು ಪುಣ್ಯ ಬಂದಿತೆಂದು ಭಾವಿಸುವವರುಂಟು. ಆ ಆಸೆಗೆ ರಸ್ತೆಗಿಳಿದ ಕೋತಿ ವಾಹನಕ್ಕೆ ಸಿಲುಕಿದರೆ ಪುಣ್ಯವೆಲ್ಲಿಯದು?

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿ ಒಂದು ಆನೆಯ ಕಥೆಯಿದೆ. ಕಾಳ್ಗಿಚ್ಚಿಗೆ ಹೆದರಿ ಪ್ರಾಣಿಗಳೆಲ್ಲ ಒಂದೆಡೆ ಕಿಕ್ಕಿರಿದಾಗ, ಮೈ ತುರಿಸಲು ಆನೆ ಎತ್ತಿದ ಕಾಲಿನಡಿ ಮೊಲವೊಂದು ಬಂದು ಸೇರಿತು. ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಕಾಲೂರಲಿಲ್ಲ. ಆ ಕರುಣೆಯ ಫಲವಾಗಿ ಅದು ಮುಂದೆ ಮೇಘಕುಮಾರನಾಗಿ ಜನಿಸಿತು. ಮೊಲಕ್ಕೆ ಅದು ಕೊಟ್ಟದ್ದು ನಿಲ್ಲುವಷ್ಟು ನೆಲ ಮಾತ್ರ.

ಕಾಡುದಾರಿಯಲ್ಲಿ ವಾಹನದ ವೇಗ ತಗ್ಗಿಸೋಣ; ನೆರೆಮನೆಯ ಒಲೆ ಉರಿಯಿತೇ ಎಂದು ವಿಚಾರಿಸೋಣ. ಪಡೆಯುವ ಜೀವದ ಹಿತವೇ ದಾನದ ಅಳತೆ.