ಅವನ ಬದಲಿಗೆ ಇವನೇ?

ಸಾರು ಕುದಿಯುವ ಹೊತ್ತಿಗೆ ಹುಣಿಸೆಹಣ್ಣು ಮುಗಿದಿದೆ ಎನ್ನಿ. ನೀವೇನು ಮಾಡ್ತೀರಿ? ಎರಡು ಟೊಮೇಟೊ ಹೆಚ್ಚಿ ಹಾಕುತ್ತೀರಿ, ಇಲ್ಲವೇ ಕೆಳಗಿಳಿಸಿ ನಿಂಬೆಹಣ್ಣು ಹಿಂಡುತ್ತೀರಿ. ಊಟಕ್ಕೆ ಕುಳಿತವರಿಗೆ ಗೊತ್ತೂ ಆಗುವುದಿಲ್ಲ. ಒಂದಿಲ್ಲದಿದ್ದರೆ ಇನ್ನೊಂದು, ಅಡಿಗೆಮನೆಯಲ್ಲಿ ಇದು ಜಾಣತನ. ಆದರೆ ಪ್ರೀತಿಸಿದವನು ಸಿಗಲಿಲ್ಲವೆಂದು ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ? ಟೊಮೇಟೊಗೆ ಮನಸ್ಸಿಲ್ಲ, ನೋವಾಗುವುದಿಲ್ಲ. ಮನುಷ್ಯರಿಗೆ ಆಗುತ್ತದಲ್ಲ!

ಈ ಮಾತು ಬಂದದ್ದು ಒಂದು ಜಪಾನೀ ಅನಿಮೆ ನೋಡಿ. ‘ಅಯ್ಯೋ, ಕಾರ್ಟೂನು ತಾನೆ, ಮಕ್ಕಳದು’ ಎಂದು ಪುಟ ತಿರುಗಿಸಬೇಡಿ. ಜಪಾನಿನಲ್ಲಿ ದೊಡ್ಡವರಿಗಾಗಿಯೇ ಬರೆದ ಚಿತ್ರಕಥೆಗಳು ಬೇಕಾದಷ್ಟಿವೆ. ನಿಮ್ಮ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ದೊಡ್ಡ ಕಣ್ಣಿನ ಹುಡುಗ ಹುಡುಗಿಯರ ಕಥೆ ನೋಡುತ್ತಿದ್ದಾಳೆಂದರೆ, ಅದು ಇಂಥ ಕಥೆಯೇ ಇದ್ದರೂ ಇರಬಹುದು. ಅವಳು ಏನು ನೋಡುತ್ತಿದ್ದಾಳೆಂದು ನಮಗೂ ಒಂದಿಷ್ಟು ತಿಳಿದಿರಲಿ.

ಹೆಸರೇ ‘ಕಸ’!

ಈ ಕಥೆಯ ಹೆಸರು ‘ಕುಜು ನೋ ಹೊಂಕಾಯ್’. ಕುಜು ಎಂದರೆ ಕಸ, ಕೆಲಸಕ್ಕೆ ಬಾರದ್ದು. ಹೊಂಕಾಯ್ ಎಂದರೆ ಬಹುದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಆಸೆ. ಬರೆದವರು ಮೆಂಗೊ ಯೊಕೊಯಾರಿ ಎಂಬ ಲೇಖಕಿ. 2012ರಿಂದ 2017ರವರೆಗೆ ಮಾಸಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಬಂತು. 2017ರ ಜನವರಿಯಿಂದ ಮಾರ್ಚಿಯವರೆಗೆ ಫುಜಿ ಟಿವಿಯಲ್ಲಿ 12 ಕಂತುಗಳ ಅನಿಮೆಯಾಯಿತು.

ಕಥಾನಾಯಕಿ ಹನಾಬಿ, ಹೈಸ್ಕೂಲು ಹುಡುಗಿ. ಹನಾಬಿ ಎಂದರೆ ಜಪಾನೀ ಭಾಷೆಯಲ್ಲಿ ಬಾಣಬಿರುಸು. ತಂದೆ ಜೊತೆಗಿಲ್ಲ, ತಾಯಿ ಸಾಕಿದ ಮಗಳು. ಚಿಕ್ಕಂದಿನಿಂದ ಅಣ್ಣಾ ಅಣ್ಣಾ ಎಂದು ಹಿಂದೆ ಸುತ್ತಿದ ನಾರುಮಿ ಈಗ ಅವಳ ತರಗತಿಯ ಮೇಷ್ಟ್ರು. ಅವಳಿಗೆ ಅವನ ಮೇಲೆ ಮನಸ್ಸು. ಅವನಿಗೋ ಸಂಗೀತದ ಟೀಚರು ಅಕಾನೆಯ ಮೇಲೆ. ಅದೇ ಶಾಲೆಯಲ್ಲಿ ಮುಗಿ ಎಂಬ ಹುಡುಗ. (ನಮ್ಮ ಕಿವಿಗೆ ‘ಕೈ ಮುಗಿ’ ಎಂದ ಹಾಗೆ ಕೇಳಿದರೂ, ಜಪಾನಿನಲ್ಲಿ ಅದು ಗೋಧಿ, ಬಾರ್ಲಿಗಳ ಹೆಸರು.) ಹಿಂದೆ ತನಗೆ ಮನೆಪಾಠ ಹೇಳಿದ ಅಕಾನೆಯೇ ಅವನ ಕನಸು.

ಇಬ್ಬರದೂ ಒಂದೇ ದುಃಖ. ಸರಿ, ಒಂದು ಒಪ್ಪಂದಕ್ಕೆ ಬರುತ್ತಾರೆ. ಹೊರಗಿನವರ ಕಣ್ಣಿಗೆ ಪ್ರೇಮಿಗಳಾಗಿರುವುದು, ಒಂಟಿತನ ಕಾಡಿದಾಗ ಜೊತೆಯಾಗುವುದು. ಅವಳು ಅವನಲ್ಲಿ ನಾರುಮಿಯನ್ನು ಕಾಣಬಹುದು, ಅವನು ಅವಳಲ್ಲಿ ಅಕಾನೆಯನ್ನು. ಷರತ್ತೂ ಉಂಟು: ಒಬ್ಬರನ್ನೊಬ್ಬರು ಪ್ರೀತಿಸಕೂಡದು, ಯಾರದಾದರೂ ನಿಜವಾದ ಪ್ರೀತಿ ಕೈಗೂಡಿದರೆ ಒಪ್ಪಂದ ಮುಗಿಯಿತು.

ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ! ಇಬ್ಬರಿಗೂ ಗೊತ್ತಿದೆ, ಇಬ್ಬರೂ ಒಪ್ಪಿದ್ದಾರೆ, ಮೋಸವೆಲ್ಲಿ ಬಂತು ಅಂತೀರಾ? ಕಥೆ ಹಿಡಿಯುವುದು ಇಲ್ಲೇ. ಲೆಕ್ಕದಲ್ಲಿ ಇಬ್ಬರೇ ಇದ್ದರು, ಬಾಳಿನಲ್ಲಿ ಹಾಗಿರಲಿಲ್ಲ.

ಸರಪಳಿಯ ಕೊಂಡಿಗಳು

ಹನಾಬಿಯ ಗೆಳತಿ ಸನಾಯೆ. ಅವಳ ಪ್ರೀತಿ ಹನಾಬಿಯ ಮೇಲೆಯೇ. ಅದು ಗೊತ್ತಾದ ಮೇಲೂ ಹನಾಬಿ, ತನಗೆ ದುಃಖವಾದಾಗಲೆಲ್ಲ ಅವಳ ಮಡಿಲು ಹುಡುಕುತ್ತಾಳೆ. ಕೊಡಲಾರದ್ದನ್ನು ಕೊಡುವಂತೆ ತೋರಿಸಿ ಸಮಾಧಾನ ಪಡೆಯುತ್ತಾಳೆ. ಮುಗಿಯ ಬಾಲ್ಯದ ಗೆಳತಿ ನೊರಿಕೊ. ಅವನೇ ತನ್ನ ರಾಜಕುಮಾರನೆಂದು ರಾಜಕುಮಾರಿಯಂತೆ ಉಟ್ಟು ತೊಟ್ಟು ಕಾದವಳು. ಅವಳ ಪ್ರೀತಿಗೆ ಅವನು ಮನಸ್ಸು ಕೊಡುವುದಿಲ್ಲ.

ಮೊದಲ ಕಂತಿನಲ್ಲೇ ಒಂದು ಸನ್ನಿವೇಶವಿದೆ. ಹುಡುಗನೊಬ್ಬ ಹನಾಬಿಯ ಮುಂದೆ ನಿಂತು ಮನಸ್ಸು ಬಿಚ್ಚುತ್ತಾನೆ. ಅವಳು ಅವನನ್ನು ತಣ್ಣಗೆ ಕತ್ತರಿಸಿಹಾಕುತ್ತಾಳೆ. ತಾನು ಮೇಷ್ಟ್ರ ಮುಂದೆ ಹೇಗೆ ನಿಂತಿದ್ದಾಳೋ ಆ ಹುಡುಗ ತನ್ನ ಮುಂದೆ ಹಾಗೇ ನಿಂತಿದ್ದಾನೆಂದು ಅವಳಿಗೆ ಹೊಳೆಯುವುದೇ ಇಲ್ಲ. ನಮ್ಮ ಗಾಯ ಉರಿಯುವಾಗ ಇನ್ನೊಬ್ಬರ ಗಾಯ ಕಾಣಿಸುವುದಿಲ್ಲ ನೋಡಿ.

ಇನ್ನು ಅಕಾನೆ. ನೋಡಲು ಸಾಧು, ಸೌಮ್ಯ ಮಾತು. ಒಳಗೆ ಬೇರೆ. ಇನ್ನೊಬ್ಬರು ಬಯಸಿದ ಗಂಡಸು ತನ್ನ ಹಿಂದೆ ಬರಬೇಕು, ಅದನ್ನು ಆ ಹೆಣ್ಣು ನೋಡಿ ನೋಯಬೇಕು. ಅವಳಿಗೆ ಅದೇ ಸುಖ. ಹನಾಬಿಯ ಕಣ್ಣೀರು ಅವಳಿಗೆ ಆಟ. ಸೇಡಿಗಾಗಿ ಹನಾಬಿಯೂ ಅವಳಂತೆಯೇ ಆಗಲು ಹೊರಡುತ್ತಾಳೆ. ದ್ವೇಷಿಸಿದವರ ಗುಣವೇ ನಮಗೆ ಅಂಟುವುದು ಹೀಗೆ.

ಬಾಯಿಬಿಟ್ಟು ಹೇಳುವುದು

ಒಂದು ಕಡೆಯ ಪ್ರೀತಿಗೆ ಜಪಾನೀಯರು ‘ಕಾತಾಓಮೊಯ್’ ಎನ್ನುತ್ತಾರೆ. ಕಾತಾ ಎಂದರೆ ಒಂದು ಬದಿ, ಓಮೊಯ್ ಎಂದರೆ ಭಾವನೆ. ಪ್ರೀತಿಯನ್ನು ಎದುರಿಗೆ ನಿಂತು ಬಾಯಿಬಿಟ್ಟು ಹೇಳುವುದಕ್ಕೂ ಅವರಲ್ಲಿ ಒಂದು ಹೆಸರಿದೆ: ‘ಕೊಕುಹಾಕು’. ಅಲ್ಲಿ ಹುಡುಗ ಹುಡುಗಿಯರ ಸ್ನೇಹ ಸಾಮಾನ್ಯವಾಗಿ ಈ ಮಾತಿನಿಂದಲೇ ಶುರು. ಹಾಗಾಗಿ ಹೇಳದೆ ಇರುವಷ್ಟು ದಿನವೂ ಆಸೆಗೆ ಒಂದು ಎಳೆ ಉಳಿದಿರುತ್ತದೆ. ಹೇಳಿದರೆ ಹೌದು, ಇಲ್ಲ, ಎರಡರಲ್ಲಿ ಒಂದು.

ಕೊನೆಗೆ ಹನಾಬಿಯೂ ಮುಗಿಯೂ ಇನ್ನೊಂದು ಮಾತು ಕೊಟ್ಟುಕೊಳ್ಳುತ್ತಾರೆ. ಇಬ್ಬರೂ ಹೋಗಿ ಹೇಳಿಬಿಡುವುದು, ‘ಇಲ್ಲ’ ಎನಿಸಿಕೊಂಡು ಬರುವುದು. ಹನಾಬಿ ಹೇಳುತ್ತಾಳೆ. ನಾರುಮಿ ಮೆಲ್ಲಗೆ, ಗೌರವದಿಂದ ಇಲ್ಲ ಎನ್ನುತ್ತಾನೆ. ಅತ್ತು, ಮುಗಿಗಾಗಿ ಕಾಯುತ್ತಾಳೆ. ಅವನು ಬರುವುದಿಲ್ಲ. ಅಕಾನೆ ಅವನನ್ನು ಬಿಡಲೂ ಇಲ್ಲ, ಒಪ್ಪಲೂ ಇಲ್ಲ, ಆಡಿಸುತ್ತಾಳೆ. ಇಷ್ಟು ದಿನ ಬದಲಿಯಾಗಿ ಇದ್ದವನಿಗಾಗಿ ತಾನು ಇಷ್ಟು ಕಾಯುತ್ತೇನೆಂದು ಹನಾಬಿಗೆ ಗೊತ್ತಾಗುವುದು ಆಗಲೇ. ಷರತ್ತು ಎಂದೋ ಮುರಿದಿತ್ತು!

ಅಕಾನೆಯ ಕಥೆ ಬೇರೆ ದಾರಿ ಹಿಡಿಯುತ್ತದೆ. ತನ್ನ ನಡತೆಯನ್ನು ಅವಳೇ ನಾರುಮಿಗೆ ಹೇಳುತ್ತಾಳೆ, ಸಿಡಿಯುತ್ತಾನೆಂದು ಕಾಯುತ್ತಾಳೆ. ಅವನು ಸಿಡಿಯುವುದಿಲ್ಲ, ಬದಲಾಗು ಎಂದೂ ಕೇಳುವುದಿಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು, ಅವಳು ಚೆನ್ನಾಗಿದ್ದರೆ ಸಾಕು ಎನ್ನುತ್ತಾನೆ. ಏನನ್ನೂ ಬೇಡದ ಇಂಥ ಪ್ರೀತಿಯ ಮುಂದೆ ಅವಳ ಜಾಣತನವೆಲ್ಲ ಸುಮ್ಮನಾಗುತ್ತದೆ. ಮದುವೆಗೆ ಒಪ್ಪುತ್ತಾಳೆ. ತಪ್ಪು ಮಾಡಿದವಳಿಗೆ ಗಂಡ, ನೊಂದವರಿಗೆ ಏನೂ ಇಲ್ಲ, ಇದ್ಯಾವ ನ್ಯಾಯ ಎಂದು ನಿಮಗೂ ಅನಿಸಬಹುದು. ನನಗೂ ಅನಿಸಿತು. ಪ್ರೀತಿ ಬಹುಮಾನವಲ್ಲ, ಯೋಗ್ಯತೆ ನೋಡಿ ಹಂಚುವುದಿಲ್ಲ ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ.

ಕೊನೆಯಲ್ಲಿ ಹನಾಬಿ, ಮುಗಿ ಒಂದಾಗುತ್ತಾರಾ? ಇಲ್ಲ. ಮತ್ತೆ ಕೂಡಿದರೆ ಮತ್ತೆ ಒಬ್ಬರನ್ನೊಬ್ಬರು ಊರುಗೋಲು ಮಾಡಿಕೊಳ್ಳುತ್ತೇವೆಂದು ಇಬ್ಬರಿಗೂ ಗೊತ್ತು. ಮಾತಾಡಿ, ಬೇರೆಯಾಗಿ ನಡೆಯುತ್ತಾರೆ. ಬದಲಿಯಲ್ಲ, ನಿಜವಾದದ್ದನ್ನು ಹುಡುಕಲು.

ನಮಗೇನು ಇದರಿಂದ?

ಒಂದು ಎಚ್ಚರಿಕೆ ಮೊದಲು. ಈ ಕಥೆ ಚಿಕ್ಕ ಮಕ್ಕಳಿಗಲ್ಲ. ಎಳೆಯರಿಗೆ ತೋರಿಸಬಾರದ ಸನ್ನಿವೇಶಗಳು ಇದರಲ್ಲಿವೆ. ಹತ್ತು ಹನ್ನೆರಡರ ಮಗಳು ನೋಡುತ್ತಿದ್ದರೆ ‘ಬೇಡ ಕಣೆ, ದೊಡ್ಡವಳಾದ ಮೇಲೆ ನೋಡು’ ಎಂದು ಕಾರಣ ತಿಳಿಸಿ ನಿಲ್ಲಿಸಿ. ಕಾಲೇಜಿನ ಮಗಳಾದರೆ ಮೊಬೈಲು ಕಸಿದುಕೊಳ್ಳಬೇಡಿ. ಕಸಿದರೆ ಕಥೆ ಬಾಗಿಲ ಹಿಂದೆ ಹೋಗುತ್ತದೆ, ಮಾತು ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತು ‘ಆ ಸನಾಯೆಗೆ ಹೀಗೆ ಮಾಡಿದ್ದು ಸರಿಯಾ?’ ಎಂದು ಕೇಳಿ ನೋಡಿ. ತನ್ನ ವಿಷಯ ಹೇಳಲು ನಾಚುವ ಹುಡುಗಿ ಕಥೆಯ ಹುಡುಗಿಯ ವಿಷಯ ಗಂಟೆಗಟ್ಟಲೆ ಹೇಳುತ್ತಾಳೆ. ನೀವು ಕೇಳಿಸಿಕೊಂಡರೆ ಸಾಕು.

ಅವಳಿಗೆ ಮೂರು ಮಾತು ತಿಳಿಸಿ. ಬೇಡವೆನಿಸಿಕೊಂಡದ್ದು ಅವಮಾನವಲ್ಲ. ಆ ದುಃಖ ಆರುವ ಮೊದಲೇ ಇನ್ನೊಬ್ಬರ ಹೆಗಲು ಹಿಡಿದರೆ, ಹಿಡಿದದ್ದು ಪ್ರೀತಿಯೋ ನೋವೋ ಗೊತ್ತಾಗುವುದಿಲ್ಲ. ತನ್ನನ್ನು ಪ್ರೀತಿಸುವವರಿಗೆ ‘ಇಲ್ಲ’ ಎಂದು ಸ್ಪಷ್ಟವಾಗಿ, ಮೃದುವಾಗಿ ಹೇಳುವುದೂ ಒಂದು ಉಪಕಾರ. ಆಸೆ ತೋರಿಸಿ ಕೆಲಸ ಮಾಡಿಸಿಕೊಳ್ಳುವುದು ಉಪಕಾರವಲ್ಲ.

ಮತ್ತೆ ನಮ್ಮ ವಿಷಯ? ಯಾರಿಗೂ ಹೇಳದ ಒಂದು ಹೆಸರು ನಿಮ್ಮ ಮನಸ್ಸಿನ ಮೂಲೆಯಲ್ಲೂ ಇರಬಹುದು. ಇದ್ದರೆ ತಪ್ಪೇನಿಲ್ಲ. ಆದರೆ ದಿನಾ ಸಂಜೆ ಬಾಗಿಲು ತಟ್ಟುವ ಮನುಷ್ಯನನ್ನು ಆ ಹೆಸರಿನ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದೀರಾ? ಎಷ್ಟೋ ವರ್ಷ ಜೊತೆಗೆ ಉಂಡರೂ ಅವರು ಬದಲಿಯಾಗಿಯೇ ಉಳಿದಿದ್ದರೆ, ನಷ್ಟ ಅವರೊಬ್ಬರದೇ ಅಲ್ಲ, ನಿಮ್ಮದೂ ಹೌದು. ಇವತ್ತು ಅವರು ಬಂದಾಗ ಒಮ್ಮೆ ಅವರನ್ನೇ, ಅವರ ಮುಖವನ್ನೇ ನೋಡಿ. ಕಾಫಿ ಆಮೇಲೆ ಬೆರೆಸಿದರಾಯಿತು.