ಥಾಣೆ ಪರಿಸರದ ಆರೋಗ್ಯಾಡಳಿತ: ಪ್ರತ್ಯಾಯೋಜನೆ ಮತ್ತು ಜನನ ದಾಖಲೆ

ಕಾನೂನು ಒಂದು ಅಧಿಕಾರಸ್ಥಾನಕ್ಕೆ ವಿಧಿಸಿದ ಕಾರ್ಯವನ್ನು ಆ ಸ್ಥಾನವು ತನ್ನ ಹೊಣೆಯನ್ನು ಬಿಟ್ಟುಕೊಡದೆ ಇನ್ನೊಬ್ಬರ ಮೂಲಕ ನಡೆಸುವುದಕ್ಕೆ ಕನ್ನಡದ ಆಡಳಿತ ಪರಿಭಾಷೆಯಲ್ಲಿ 'ಪ್ರತ್ಯಾಯೋಜನೆ' ಎಂದು ಹೆಸರು. ಮರಾಠಿಯ 'ಪ್ರತ್ಯಾಯೋಜನ'ವೂ ಇದೇ. ಇದನ್ನು ವಿಕೇಂದ್ರೀಕರಣದೊಡನೆ ಬೆರೆಸಿ ಹೇಳುವುದುಂಟು. ವಿಕೇಂದ್ರೀಕರಣದಲ್ಲಿ ಹೊಣೆಯೂ ಕೈ ಬದಲಾಗುತ್ತದೆ. ಪ್ರತ್ಯಾಯೋಜನೆಯಲ್ಲಿ ಕೆಲಸ ಮಾತ್ರ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಕನ್ನಡ ಕುಟುಂಬಗಳನ್ನು ಕುರಿತು ಸಂಶೋಧನೆ ಕೈಗೊಳ್ಳುವವರಿಗೆ ಈ ಭೇದವು ದಾಖಲೆಗಳನ್ನು ಅರಸುವ ಹಂತದಲ್ಲಿಯೇ ಎದುರಾಗುವುದರಿಂದ ಅದನ್ನಿಲ್ಲಿ ವಿವರಿಸಲೆಳಸಿದ್ದೇವೆ.

ಥಾಣೆಯ ಮಹಾನಗರಪಾಲಿಕೆ 1982ರಲ್ಲಿಯೂ ಕಲ್ಯಾಣ-ಡೊಂಬಿವಲಿಯದು 1983ರಲ್ಲಿಯೂ ನವಿ ಮುಂಬಯಿಯದು 1992ರಲ್ಲಿಯೂ ಅಸ್ತಿತ್ವಕ್ಕೆ ಬಂದವು. ಮೂರಕ್ಕೂ ಆಧಾರವಾದುದು ಇಂದು ಮಹಾರಾಷ್ಟ್ರ ಮಹಾನಗರಪಾಲಿಕೆ ಅಧಿನಿಯಮವೆಂದು ಕರೆಯಲ್ಪಡುವ 1949ರ ಶಾಸನ. ಅದರ 69ನೆಯ ಕಲಮಿನಂತೆ ಆಯುಕ್ತರು ತಮ್ಮ ಅಧಿಕಾರವನ್ನು ಲಿಖಿತ ಆದೇಶದಿಂದ ಪಾಲಿಕೆಯ ಅಧಿಕಾರಿಗೆ ವಹಿಸಬಹುದು. ಆದರೆ ಆತನು ನಡೆಯಬೇಕಾದುದು ಆಯುಕ್ತರ ಹತೋಟಿಯಲ್ಲಿ, ಅವರ ಮರುಪರಿಶೀಲನೆಗೆ ಒಳಪಟ್ಟು. 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ರಾಜ್ಯ ಸರ್ಕಾರವು 2020ರ ಮಾರ್ಚಿನಲ್ಲಿ ಜಿಲ್ಲಾಧಿಕಾರಿಗಳಿಗೂ ಪಾಲಿಕೆಯ ಆಯುಕ್ತರಿಗೂ ಅಧಿಕಾರವಿತ್ತುದು ಈ ಜಾತಿಯದೇ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಥಾಣೆಯೆಂದೊಡನೆ ನೆನಪಾಗುವವರು ಶಿಲಾಹಾರರು. ಕಾನ್ಹೇರಿಯ ಗುಹಾಶಾಸನದಲ್ಲಿ ಆ ವಂಶದ ಪುಲ್ಲಶಕ್ತಿಯ ಕೊಂಕಣದ ಒಡೆತನವು ರಾಷ್ಟ್ರಕೂಟ ಅಮೋಘವರ್ಷನ ಪ್ರಸಾದವೆಂದು ಉಕ್ತವಾಗಿದೆ. ಅಧಿಕಾರದ ಮೂಲವನ್ನು ಹೇಳಿಯೇ ಅಧಿಕಾರ ನಡೆಸುವ ಪದ್ಧತಿ ಇಂದಿನ ಕಚೇರಿಗಳದು ಮಾತ್ರವಲ್ಲ.

ಜನನ ನೋಂದಣಿಯಲ್ಲಿ ಈ ವ್ಯವಸ್ಥೆ ನಿಚ್ಚಳವಾಗಿ ಕಾಣುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ರಾಜ್ಯಕ್ಕೆ ಒಬ್ಬ ಮುಖ್ಯ ರಿಜಿಸ್ಟ್ರಾರರು. ಪಾಲಿಕೆ, ಪಂಚಾಯತಿಗಳ ಪ್ರದೇಶಕ್ಕೆ ರಿಜಿಸ್ಟ್ರಾರರು. ಇವರು ಮುಖ್ಯ ರಿಜಿಸ್ಟ್ರಾರರ ಪೂರ್ವಾನುಮತಿ ಪಡೆದು ಉಪ ರಿಜಿಸ್ಟ್ರಾರರನ್ನು ನೇಮಿಸಿ ತಮ್ಮ ಕರ್ತವ್ಯಗಳನ್ನು ಅವರಿಗೆ ವಹಿಸಬಹುದು. ಶಿಶು ರಾಜ್ಯದ ಜಿಲ್ಲಾ ಆಸ್ಪತ್ರೆಯಲ್ಲಿ ಜನಿಸಲಿ, ಥಾಣೆ ಪಾಲಿಕೆಯ ಕಳವಾ ಆಸ್ಪತ್ರೆಯಲ್ಲಿ ಜನಿಸಲಿ, ವರದಿ ಮಾಡುವ ಹೊಣೆ ಅಲ್ಲಿಯ ವೈದ್ಯಾಧಿಕಾರಿಯದು. ನೋಂದಣಿಯಾಗುವುದು ಜನಿಸಿದ ಸ್ಥಳದಲ್ಲಿ, ವಾಸಸ್ಥಳದಲ್ಲಲ್ಲ. ಹೀಗಾಗಿ ಡೊಂಬಿವಲಿಯ ತಾಯಿ ಕಳವಾದಲ್ಲಿ ಹೆತ್ತರೆ ಮಗುವಿನ ಹೆಸರು ಥಾಣೆಯ ವಹಿಯಲ್ಲಿರುತ್ತದೆ. ಚೊಚ್ಚಲ ಹೆರಿಗೆಗೆಂದು ಉಡುಪಿಯ ತವರಿಗೆ ಹೋದರೆ ಕರ್ನಾಟಕದ ವಹಿಯಲ್ಲಿ. ಪಾಲಿಕೆಯ ಅಂಕಿಗಳಿಂದಲೇ ಕನ್ನಡಿಗರ ಸಂತತಿಯನ್ನು ಎಣಿಸಹೊರಡುವುದು ನಮ್ಮ ದೃಷ್ಟಿಯಲ್ಲಿ ಸಾಧುವಲ್ಲ. 2023ರ ತಿದ್ದುಪಡಿಯ ತರುವಾಯ, ಆ ವರ್ಷದ ಅಕ್ಟೋಬರ್ 1ರಿಂದ ಜನಿಸಿದವರ ಶಾಲಾಪ್ರವೇಶಾದಿಗಳಿಗೆ ಈ ಪ್ರಮಾಣಪತ್ರವೇ ಜನ್ಮದಿನ, ಜನ್ಮಸ್ಥಳಗಳ ಪುರಾವೆಯಾಗಿರುವುದರಿಂದ, ಯಾರ ವಹಿಯೆಂಬ ಪ್ರಶ್ನೆ ಕುಟುಂಬಗಳಿಗೂ ಮುಖ್ಯವಾಗಿದೆ.

ಕಲ್ಯಾಣದ ಸುತ್ತಲಿನ 27 ಗ್ರಾಮಗಳ ವಿಷಯ ಇನ್ನೂ ತೊಡಕಿನದು. 1983ರಲ್ಲಿ ಪಾಲಿಕೆಗೆ ಸೇರಿದ ಇವು 2002ರಲ್ಲಿ ಹೊರಬಂದು 2015ರಲ್ಲಿ ಮರಳಿ ಸೇರಿದವು. ಇವುಗಳಲ್ಲಿ 18ನ್ನು ಬೇರ್ಪಡಿಸುವ 2020ರ ಸರ್ಕಾರಿ ಕ್ರಮವನ್ನು ಬಾಂಬೆ ಹೈಕೋರ್ಟು ಅದೇ ವರ್ಷ ರದ್ದುಪಡಿಸಿತು. ಇಲ್ಲಿ ಪ್ರತಿ ಸಲವೂ ಕೈ ಬದಲಾದುದು ಕೆಲಸವಲ್ಲ, ಹೊಣೆಯೇ, ಇದನ್ನು ಪ್ರತ್ಯಾಯೋಜನೆಯೆನ್ನಲಾಗದು. 2002 ಮತ್ತು 2015ರ ನಡುವೆ ಆ ಗ್ರಾಮಗಳಲ್ಲಿ ಜನಿಸಿದವರ ಮೂಲ ನಮೂದು ಆದುದು ಗ್ರಾಮಪಂಚಾಯತಿಯ ವಹಿಯಲ್ಲಿ. ಇಂದಿನ ವಿಳಾಸವನ್ನು ನೆಚ್ಚಿ ಆ ಕಾಲದ ಪಾಲಿಕೆಯ ವಹಿಯನ್ನಷ್ಟೇ ತಿರುವುವ ಸಂಶೋಧಕರಿಗೆ ಅವರು ಅಲ್ಲಿ ಹುಟ್ಟಿಯೇ ಇಲ್ಲವೆಂಬಂತೆ ತೋರುವುದು.